ನಿರೀಕ್ಷಣಾ ಮಂದಿರ: ಮದರಾಸಿನ ಚಳಿಗಾಲದ ಒಂದು ಚರಿತ್ರೆ

ಚೆನ್ನೈಗೆ ಮೂರೇ ಕಾಲ: ಬಿಸಿ, ಹೆಚ್ಚು ಬಿಸಿ, ವಿಪರೀತ ಬಿಸಿ ಎಂದು ಬೆಂಗಳೂರಿನ ಗೆಳೆಯರು ತಮಾಷೆ ಮಾಡುತ್ತಾರೆ. ಇಲ್ಲಿಗೆ ಬಂದು ಹದಿನೈದು ವರ್ಷಗಳಾದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಇಲ್ಲೂ ಒಂದು ಚಳಿಗಾಲವಿದೆ. ಅದರಲ್ಲಿ ಚಳಿ ಇಲ್ಲ, ಅಷ್ಟೇ. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ, ನಮ್ಮೂರುಗಳಲ್ಲಿ ಮಳೆ ಹಿಂದೆ ಸರಿದು ಹಿಂಗಾರಿ ಜೋಳ ಮೇಲೇಳುವ ಹೊತ್ತಿಗೆ, ಇಲ್ಲಿ ಆಕಾಶ ಕಪ್ಪಾಗುತ್ತದೆ. ವರ್ಷದಲ್ಲಿ ಸುಮಾರು 1,400 ಮಿಲಿಮೀಟರ್ ಮಳೆ ಕಾಣುವ ಈ ನಗರಕ್ಕೆ ಅದರಲ್ಲಿ ಶೇಕಡಾ 60ರಷ್ಟು ಬರುವುದು ಈ ಎರಡೂವರೆ ತಿಂಗಳಲ್ಲೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಬೀದಿಯವರು ಕಾರುಗಳನ್ನು ಹತ್ತಿರದ ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿ ಬರುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯ ಕ್ರೈಸ್ತ ಮನೆತನದಲ್ಲಿ. ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆ ಮಾಡಿದ್ದು 1841ರಲ್ಲಿ. ನಮಗೆ ಡಿಸೆಂಬರ್ ಎಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ. ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಾ ಹೋಗುವುದು, ಮನೆಯಲ್ಲಿ ಶೇಂಗಾ ಉಂಡಿ, ಕರ್ಚಿಕಾಯಿ, ಬೆಳಗಿನ ಜಾವದ ತೆಳು ಚಳಿ. ಅಲ್ಲಿ ಕಾಯುವುದು ಸುಖದ ಕೆಲಸವಾಗಿತ್ತು. ಚೆನ್ನೈಗೆ ಬಂದ ಮೇಲೆ ತಿಳಿಯಿತು, ಅದೇ ನಾಲ್ಕು ಭಾನುವಾರಗಳು ಇಲ್ಲಿ ಚಂಡಮಾರುತದ ಭಾನುವಾರಗಳೂ ಹೌದು. 2015ರ ಮಹಾ ಪ್ರವಾಹ ಬಂದದ್ದು ಆಗಮನ ಕಾಲದ ಮೊದಲ ಭಾನುವಾರ ಕಳೆದ ಎರಡೇ ದಿನಕ್ಕೆ. 2016ರ ವರ್ಧಾ ಬಂದದ್ದು ಮೂರನೇ ಭಾನುವಾರದ ಮರುದಿನ. 2023ರ ಮಿಚಾಂಗ್ ಮಳೆ ಸುರಿಯತೊಡಗಿದ್ದು ಮೊದಲ ಭಾನುವಾರದಂದೇ. ಹೀಗೆ ಬಿರುಗಾಳಿಯ ಕಾಲದಲ್ಲೇ ಆಸೆಯ ಬತ್ತಿ ಹಚ್ಚಬೇಕಾದ ಊರಿನಲ್ಲಿ ಕ್ರೈಸ್ತರು ಐದು ನೂರು ವರ್ಷಗಳಿಂದ ಏನು ಮಾಡಿಕೊಂಡು ಬಂದಿದ್ದಾರೆ ಎಂದು ಹುಡುಕುತ್ತಾ ಹೋದೆ. ಈ ಲೇಖನ ಆ ಹುಡುಕಾಟದ ಫಲ.

ಬಂದರಿಲ್ಲದ ಬಂದರು

ಮದರಾಸಿಗೆ ಹುಟ್ಟಿನಿಂದ ಬಂದರೇ ಇರಲಿಲ್ಲ. ಇದ್ದದ್ದು ತೆರೆದ ಕಡಲು. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಜನ ಮತ್ತು ಸರಕು ಮಸೂಲಾ ಎಂಬ ಹೊಲಿಗೆಯ ದೋಣಿಗಳಲ್ಲಿ ಅಲೆ ದಾಟಿ ದಡ ಸೇರಬೇಕು. ಹೀಗಾಗಿ ಕಂಪನಿಯ ಕಾಲದಲ್ಲಿ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಸೇಂಟ್ ಜಾರ್ಜ್ ಕೋಟೆಯ ಬಾವುಟ ಇಳಿಸಿಬಿಡುತ್ತಿದ್ದರು. ಈ ಎರಡು ತಿಂಗಳು ಇಲ್ಲಿ ಹಡಗು ನಿಲ್ಲಿಸಬೇಡಿ ಎಂಬುದು ಅದರ ಅರ್ಥ.

ಕಡಲಿನ ಮಾತು ಕೇಳದವರಿಗೆ ಪಾಠವೂ ಆಗಿದೆ. 1746ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ದಳಪತಿ ಲಾ ಬೂರ್ಡೊನೆ ಮದರಾಸನ್ನು ಗೆದ್ದ. ಗೆದ್ದ ಊರನ್ನು ಏನು ಮಾಡಬೇಕೆಂದು ಅವನಿಗೂ ಪಾಂಡಿಚೇರಿಯ ಡೂಪ್ಲೆಗೂ ಜಗಳ ನಡೆಯುತ್ತಿರುವಾಗಲೇ ಅಕ್ಟೋಬರ್ 13ರ ರಾತ್ರಿ ಬಿರುಗಾಳಿ ಎದ್ದು ಅವನ ನೌಕಾಪಡೆಯನ್ನು ಚಿಂದಿ ಮಾಡಿತು. ನೂರಾರು ಜನ ಮುಳುಗಿದರು. 1875ರಲ್ಲಿ ಕೃತಕ ಬಂದರಿಗೆ ಅಡಿಗಲ್ಲು ಬಿತ್ತು. ಕಡಲೊಳಗೆ ಕಟ್ಟಿದ ಗೋಡೆಗಳು ಮುಗಿಯುತ್ತಾ ಬಂದಾಗ, 1881ರ ನವೆಂಬರ್ ಚಂಡಮಾರುತ ಅವನ್ನು ಕಿತ್ತೆಸೆಯಿತು. ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಪ್ರಾಜೆಕ್ಟು ಮುಗಿಸುವ ಹೊತ್ತಿಗೆ ಎಲ್ಲವೂ ತಲೆಕೆಳಗಾಗುವ ಅನುಭವ ನಮ್ಮ ವೃತ್ತಿಯವರಿಗೆ ಹೊಸದೇನಲ್ಲ. ಆದರೆ ನಮ್ಮಲ್ಲಿ ಕಲ್ಲು ಕೊಚ್ಚಿಹೋಗುವುದಿಲ್ಲ.

ಬದುಕಿದವರು ಕಟ್ಟಿದ ಗುಡಿ

ಮೈಲಾಪುರದ ಲಸ್ ಕಾರ್ನರ್ ಗೊತ್ತಿಲ್ಲದ ಚೆನ್ನೈ ಕನ್ನಡಿಗರಿಲ್ಲ. ಕಾಫಿ ಪುಡಿಗೆ, ಪುಸ್ತಕಕ್ಕೆ, ಪೂಜೆ ಸಾಮಾನಿಗೆ ಅಲ್ಲಿಗೇ ಹೋಗುತ್ತೇವೆ. ಆ ಲಸ್ ಎಂಬುದು ಪೋರ್ಚುಗೀಸ್ ಭಾಷೆಯ ಲುಝ್, ಅಂದರೆ ಬೆಳಕು. ಒಳರಸ್ತೆಯಲ್ಲಿ ಬೆಳಕಿನ ಮಾತೆಯ ಚರ್ಚು ಇದೆ. ಅಲ್ಲಿನ ಶಾಸನ ಹೇಳುವ ವರ್ಷ 1516. ಅಂದು ಸುತ್ತಲೂ ಕಾಡಿದ್ದುದರಿಂದ ತಮಿಳರು ಇದನ್ನು ಇಂದಿಗೂ ಕಾಟ್ಟು ಕೋಯಿಲ್, ಕಾಡಿನ ಗುಡಿ ಎನ್ನುತ್ತಾರೆ. ಬಿರುಗಾಳಿಯಲ್ಲಿ ದಾರಿ ತಪ್ಪಿದ ಪೋರ್ಚುಗೀಸ್ ನಾವಿಕರಿಗೆ ದೂರದಲ್ಲೊಂದು ಬೆಳಕು ಕಂಡಿತಂತೆ. ಅದನ್ನೇ ಹಿಡಿದು ಬಂದು ದಡ ಸೇರಿದರಂತೆ. ಬೆಳಕು ಮಾಯವಾದ ಜಾಗದಲ್ಲಿ ಗುಡಿ ಕಟ್ಟಿದರಂತೆ. ನಾಗಪಟ್ಟಣದ ದಕ್ಷಿಣಕ್ಕಿರುವ ವೇಳಾಂಕಣ್ಣಿಯ ಕತೆಯೂ ಹೆಚ್ಚುಕಡಿಮೆ ಇದೇ: ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ವ್ಯಾಪಾರಿ ಹಡಗು, ಮಾತೆಗೆ ಹರಕೆ, ದಡ, ಗುಡಿ.

ಈ ಕತೆಗಳನ್ನು ಕೇಳುವಾಗ ನನ್ನ ಎಂಜಿನಿಯರ್ ಬುದ್ಧಿ ಒಂದು ಪ್ರಶ್ನೆ ಎತ್ತುತ್ತದೆ. ದಡ ಸೇರಿದವರು ಗುಡಿ ಕಟ್ಟಿದರು. ಸೇರದವರೂ ಹರಕೆ ಹೊತ್ತಿರಲಿಲ್ಲವೇ? ಅವರು ಎಲ್ಲಿ ಬರೆದಿಡಬೇಕು? ಕಡಲಿನ ತಳದಲ್ಲಿ ಶಾಸನಗಳಿಲ್ಲ.

ಈ ಪ್ರಶ್ನೆ ನನಗೆ ಬರೀ ಬುದ್ಧಿಯ ಆಟವಾಗಿ ಉಳಿಯಲಿಲ್ಲ. ಹಿಂದಿನ ಒಂದು ಕಂಪನಿಯಲ್ಲಿ ಕೋಲಾರ ಚಿನ್ನದ ಗಣಿಯ ಕಡೆಯ ಸಹೋದ್ಯೋಗಿಯೊಬ್ಬರು ನನ್ನ ಟೀಮಿನಲ್ಲಿದ್ದರು. ಮನೆಮಾತು ತಮಿಳು, ನನ್ನೊಂದಿಗೆ ಕನ್ನಡ. 2004ರ ಕ್ರಿಸ್ಮಸ್ಸಿಗೆ ಅವರ ಅಣ್ಣ ವೇಳಾಂಕಣ್ಣಿಗೆ ಹೋಗಿದ್ದರು. ಮರುದಿನ, ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಸುನಾಮಿ ಬಂತು. ನಾಗಪಟ್ಟಣ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ವೇಳಾಂಕಣ್ಣಿಯ ಕಡಲ ದಂಡೆಯಲ್ಲಿದ್ದ ಯಾತ್ರಿಕರು, ಅಂಗಡಿಯವರು ಕೊಚ್ಚಿಹೋದರು. ದೊಡ್ಡ ಚರ್ಚಿನೊಳಗೆ ನೀರು ಬರಲಿಲ್ಲ. ಅದನ್ನು ಪವಾಡವೆಂದು ಬಹಳ ಜನ ಹೇಳಿದರು. ಚೆನ್ನೈಯ ಸಾಂತೋಮಿನಲ್ಲೂ, ಸಂತ ತೋಮ ನೆಟ್ಟನೆಂದು ನಂಬುವ ಕಂಬ ಕಡಲನ್ನು ತಡೆಯಿತು ಎಂಬ ಮಾತು ಹರಡಿತು. ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಯಾರೋ ಈ ಪವಾಡದ ಮಾತು ತೆಗೆದರು. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೈತೊಳೆಯುವಾಗ ನನಗೆ ಮಾತ್ರ ಹೇಳಿದರು: “ಒಳಗೆ ನೀರು ಬರ್ಲಿಲ್ಲ ಸಾರ್, ನಿಜಾನೇ. ಆದ್ರೆ ನಮ್ಮಣ್ಣ ಹೊರಗಡೆ ಇದ್ದ.”

ಅವರು ದೇವರನ್ನು ಬಿಟ್ಟವರಲ್ಲ. ಪ್ರತಿ ವರ್ಷ ವೇಳಾಂಕಣ್ಣಿಗೆ ಹೋಗುತ್ತಿದ್ದರು. ಆದರೆ ಪವಾಡ ಎಂಬ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ನೀರು ತಾಗದ ಗೋಡೆಯ ಮೇಲೆ ಕಟ್ಟಿದ ಆಸೆ, ಗೋಡೆಯ ಆಚೆ ನಿಂತವನ ತಮ್ಮನಿಗೆ ಏನನ್ನೂ ಕೊಡುವುದಿಲ್ಲ ಎಂದು ಅಂದಿನಿಂದ ನನಗೆ ಅನಿಸಿದೆ. ಹಾಗಾದರೆ ಕೊಡುವಂಥದ್ದು ಯಾವುದು?

ಎರಡು ಭಾಷೆ, ಒಂದು ಶಬ್ದ

ಉತ್ತರದ ಒಂದು ತುದಿ ನನಗೆ ಸಿಕ್ಕಿದ್ದು ಸೇಂಟ್ ಥಾಮಸ್ ಮೌಂಟ್ ಬೆಟ್ಟದ ಮೇಲೆ. ತಮಿಳಿನಲ್ಲಿ ಪರಂಗಿಮಲೈ, ಫರಂಗಿಗಳ ಬೆಟ್ಟ. ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಸುಮಾರು 300 ಅಡಿ ಎತ್ತರ. ಸಂತ ತೋಮ ಇಲ್ಲೇ ಹುತಾತ್ಮನಾದ ಎಂಬುದು ಕ್ರೈಸ್ತರ ನಂಬಿಕೆ. 1523ರಲ್ಲಿ ಪೋರ್ಚುಗೀಸರು ಕಟ್ಟಿದ ಚರ್ಚು ಮೇಲಿದೆ. 1547ರಲ್ಲಿ ಅಲ್ಲಿ ಅಗೆಯುವಾಗ ಒಂದು ಕಲ್ಲಿನ ಶಿಲುಬೆ ಸಿಕ್ಕಿತು. ಅದರ ಸುತ್ತ ಪಹ್ಲವಿ, ಅಂದರೆ ಹಳೆಯ ಪರ್ಷಿಯದ ಬರಹ. ಪೋರ್ಚುಗೀಸರು ಬರುವುದಕ್ಕೆ ನೂರಾರು ವರ್ಷ ಮೊದಲೇ ಪರ್ಷಿಯದ ನಂಟಿದ್ದ ಕ್ರೈಸ್ತರು ಈ ತೀರದಲ್ಲಿದ್ದರು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ. ಅವರೂ ನಮ್ಮಂತೆ ವಲಸೆ ಬಂದವರ ಬಳಗ.

ಈ ಚರ್ಚಿನ ಹೆಸರೇ ನಿರೀಕ್ಷೆಯ ಮಾತೆ. ಹಬ್ಬ ಡಿಸೆಂಬರ್ 18. ಕ್ರಿಸ್ಮಸ್ಸಿಗೆ ಒಂದು ವಾರ ಮುಂಚೆ, ತುಂಬು ಬಸುರಿಯಾಗಿ ಹೆರಿಗೆಗೆ ಕಾಯುತ್ತಿರುವ ಮರಿಯಳನ್ನು ನೆನೆಯುವ ದಿನ. ಈ ಹಬ್ಬವನ್ನು ಸ್ಪೇನಿನ ತೊಲೆದೋದಲ್ಲಿ ಸೇರಿದ ಸಭೆ 656ರಲ್ಲೇ ಗೊತ್ತು ಮಾಡಿತ್ತು. ಅವರ ಕಣ್ಣ ಮುಂದೆ ಕೋರಮಂಡಲ ತೀರ ಇರಲಿಲ್ಲ. ಆದರೂ ದಿನಾಂಕ ನೋಡಿ: ಕೋಟೆಯಲ್ಲಿ ಬಾವುಟ ಮತ್ತೆ ಏರಿ ಹಡಗುಗಳು ಬರತೊಡಗುವ ವಾರವೇ ಬೆಟ್ಟದ ಮೇಲೆ ನಿರೀಕ್ಷೆಯ ಹಬ್ಬ. ಯಾರೂ ಹೊಂದಿಸದ ಹೊಂದಿಕೆ.

ಇಲ್ಲಿ ನಮ್ಮ ಭಾಷೆಯ ಒಂದು ಸ್ವಾರಸ್ಯ ಹೇಳಬೇಕು. ಕ್ರೈಸ್ತರ ಮೂರು ದೊಡ್ಡ ಗುಣಗಳಿಗೆ ಕನ್ನಡ ಸತ್ಯವೇದ ಬಳಸುವ ಶಬ್ದಗಳು ನಂಬಿಕೆ, ನಿರೀಕ್ಷೆ, ಪ್ರೀತಿ. ತಮಿಳು ಬೈಬಲ್ಲಿನಲ್ಲಿ ವಿಶುವಾಸಂ, ನಂಬಿಕ್ಕೈ, ಅನ್ಬು. ನಮ್ಮ ನಂಬಿಕೆಯೇ ತಮಿಳಿಗೆ ಹೋದಾಗ ಮೊದಲ ಸ್ಥಾನ ಬಿಟ್ಟು ಎರಡನೆಯದರಲ್ಲಿ ಕೂತಿದೆ. ಚೆನ್ನೈಗೆ ಬಂದ ಹೊಸದರಲ್ಲಿ ಯಾರಾದರೂ “ನಂಬಿಕ್ಕೈ ಇರುಕ್ಕು” ಎಂದರೆ ನನ್ನನ್ನು ನಂಬುತ್ತಾರೆ ಎಂದುಕೊಳ್ಳುತ್ತಿದ್ದೆ. ಬಹಳ ಸಲ ಅವರು ಹೇಳುತ್ತಿದ್ದದ್ದು, ಒಳ್ಳೆಯದಾಗುತ್ತದೆ ಎಂಬ ಭರವಸೆಯಿದೆ ಎಂದು.

ಕನ್ನಡಕ್ಕೆ ಸಿಕ್ಕಿದ ನಿರೀಕ್ಷೆ ಬೇರೆ ಜಾತಿಯ ಶಬ್ದ. ಸಂಸ್ಕೃತದಲ್ಲಿ ಅದರ ಬೇರು ಈಕ್ಷ, ನೋಡು. ಅದಕ್ಕೇ ಇನ್‌ಸ್ಪೆಕ್ಟರನಿಗೆ ನಾವು ನಿರೀಕ್ಷಕ ಎನ್ನುತ್ತೇವೆ. ಲೋಕೋಪಯೋಗಿ ಇಲಾಖೆಯ ಬಂಗಲೆಗೆ ನಿರೀಕ್ಷಣಾ ಮಂದಿರ ಎಂಬ ಬೋರ್ಡು ಹಾಕುತ್ತೇವೆ. ಎಂದರೆ ಕನ್ನಡದಲ್ಲಿ ಆಸೆ ಕಣ್ಣು ಮುಚ್ಚಿ ಕೂರುವುದಿಲ್ಲ. ದಾರಿ ನೋಡುತ್ತದೆ, ಕೆಲಸ ಹೇಗೆ ನಡೆದಿದೆ ಎಂದೂ ನೋಡುತ್ತದೆ. ಬೆಟ್ಟದ ಮೇಲಿನ ಆ ಚರ್ಚು ಎರಡೂ ಅರ್ಥದಲ್ಲಿ ನಿರೀಕ್ಷಣಾ ಮಂದಿರ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಮೊದಲ ಅಳತೆಯ ಗೆರೆಯನ್ನು ಆರಂಭಿಸಿದ್ದು ಈ ಬೆಟ್ಟದ ಬಳಿಯಿಂದಲೇ. ಆ ತ್ರಿಕೋನಗಳ ಸರಪಳಿ ಬೆಂಗಳೂರನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿತು.

ಸೇತುವೆಗೊಂದು ಇಡಗಂಟು

ಈ ಬೆಟ್ಟಕ್ಕೆ ಹತ್ತುವ ಮೆಟ್ಟಿಲುಗಳನ್ನು ಕಟ್ಟಿಸಿದವನು ಖೋಜಾ ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕ. ಪರ್ಷಿಯದ ಜುಲ್ಫಾ ಕಡೆಯ ಕ್ರೈಸ್ತ, ವ್ಯಾಪಾರಕ್ಕಾಗಿ ಮದರಾಸಿಗೆ ಬಂದವನು. ಬೆಟ್ಟಕ್ಕೆ ಬರುವ ಯಾತ್ರಿಕರಿಗೆ ದಾರಿಯಲ್ಲಿ ಅಡ್ಯಾರ್ ನದಿ ಅಡ್ಡ. ಮಳೆಗಾಲದಲ್ಲಿ ದಾಟುವುದು ಪ್ರಾಣದ ಮೇಲಿನ ಆಟ. ಉಸ್ಕಾನ್ 1726ರಲ್ಲಿ ಸೈದಾಪೇಟೆಯ ಬಳಿ ಸೇತುವೆ ಕಟ್ಟಿಸಿದ. ಅಡ್ಯಾರಿಗೆ ಬಿದ್ದ ಮೊದಲ ಸೇತುವೆ ಅದು. ಮಾಂಬಲಂ ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ಮಾರ್ಮಲಾಂಗ್ ಆಗಿ, ಅದೇ ಸೇತುವೆಯ ಹೆಸರಾಯಿತು. ಖರ್ಚು 30,000 ಪಗೋಡ, ಅಂದರೆ ವರಹ. ಎಲ್ಲಾ ತನ್ನ ಕೈಯಿಂದ.

ಪ್ರಾಜೆಕ್ಟ್ ಮ್ಯಾನೇಜರನಾಗಿ ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆ 30,000ಕ್ಕಾಗಿ ಅಲ್ಲ. ಅದರ ಜೊತೆಗೆ ಅವನು ಇನ್ನೂ 1,500 ಪಗೋಡಗಳನ್ನು ಸೇತುವೆಯ ದುರಸ್ತಿಗೆಂದೇ ಬೇರೆ ಇಟ್ಟ. ಕಟ್ಟಿಸಿ ಹೆಸರು ಕೆತ್ತಿಸುವವರು ಬಹಳ. ತಾನು ಸತ್ತ ಮೇಲೆ ಬರುವ ನೆರೆಯಲ್ಲಿ ಯಾವುದೋ ಕಲ್ಲು ಸಡಿಲವಾಗುತ್ತದೆ, ಅದನ್ನು ಯಾರೋ ನೋಡಿ ಸರಿಮಾಡಬೇಕು, ಅವನಿಗೆ ಕೂಲಿ ಕೊಡಬೇಕು ಎಂದು ಯೋಚಿಸಿ ದುಡ್ಡಿಟ್ಟವನು ಅಪರೂಪ. ನೀರು ಬರುವುದಿಲ್ಲ ಎಂಬ ಆಸೆ ಅವನದಲ್ಲ. ಬಂದೇ ಬರುತ್ತದೆ, ಆದರೂ ಜನ ದಾಟಬೇಕು ಎಂಬುದು ಅವನ ನಿರೀಕ್ಷೆ.

ಅವನ ಚಳಿಗಾಲವೂ ಬಂತು. 1746ರಲ್ಲಿ ಫ್ರೆಂಚರು ಅವನ ಆಸ್ತಿಯನ್ನೆಲ್ಲ ವಶಪಡಿಸಿಕೊಂಡರು. ಪಾಂಡಿಚೇರಿಗೆ ಬಂದು ನೆಲೆಸಿದರೆ ಹಿಂದಿರುಗಿಸುತ್ತೇವೆ ಎಂದರೂ ಅವನು ಒಪ್ಪಲಿಲ್ಲ. 1751ರ ಜನವರಿಯಲ್ಲಿ ಮದರಾಸಿನಲ್ಲೇ ತೀರಿಕೊಂಡ. ದೇಹ ವೇಪೇರಿಯ ಮಣ್ಣಿಗೆ ಹೋಯಿತು, ಹೃದಯವನ್ನು ಮಾತ್ರ ಅವನ ಇಚ್ಛೆಯಂತೆ ಜುಲ್ಫಾಕ್ಕೆ ಕಳಿಸಿದರು. ವಲಸೆ ಬಂದವರೆಲ್ಲರ ಇಬ್ಬಂದಿಯನ್ನು ಇಷ್ಟು ಅಕ್ಷರಶಃ ಬದುಕಿದವನನ್ನು, ಅಲ್ಲ, ಸತ್ತವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಳೆಯ ಸೇತುವೆಯ ಜಾಗದಲ್ಲಿ ಈಗ 1966ರ ಮರೈಮಲೈ ಅಡಿಗಳ್ ಸೇತುವೆಯಿದೆ. ಉಸ್ಕಾನನ ಕಲ್ಲಿನ ಫಲಕ ಪಕ್ಕದಲ್ಲಿ ಉಳಿದುಕೊಂಡಿದೆ.

ಅಕ್ಟೋಬರ್ ತಿಂಗಳ ಪತ್ರಿಕೆ

ಇನ್ನೊಬ್ಬ ಅರ್ಮೇನಿಯನ್ನನ ಕತೆ ನಮ್ಮಂಥ ಪತ್ರಿಕೆಯ ಓದುಗರಿಗೆ ಇನ್ನೂ ಹತ್ತಿರದ್ದು. ಹರೂತ್ಯುನ್ ಶ್ಮಾವೋನ್ಯಾನ್ ಮದರಾಸಿನ ಅರ್ಮೇನಿಯನ್ ಚರ್ಚಿನ ಪಾದ್ರಿ. ಒಂದೇ ವಾರದಲ್ಲಿ ಅವನ ಇಬ್ಬರು ಗಂಡುಮಕ್ಕಳು ತೀರಿಕೊಂಡರು. ಅವನು ಎಲ್ಲವನ್ನೂ ಬಿಟ್ಟು ಪರ್ಷಿಯದ ಶಿರಾಜಿಗೆ ಹೋಗಿ ಏಳು ವರ್ಷ ಏಕಾಂತದಲ್ಲಿದ್ದ. ಆಮೇಲೆ ಮರಳಿ ಬಂದ. ಬಂದು ಮುದ್ರಣಾಲಯ ತೆರೆದ. 1794ರ ಅಕ್ಟೋಬರ್ 16ರಂದು ಅಜ್ದರಾರ್ ಎಂಬ ಮಾಸಪತ್ರಿಕೆ ಹೊರಡಿಸಿದ. ಪ್ರಪಂಚದಲ್ಲೇ ಮೊದಲ ಅರ್ಮೇನಿಯನ್ ಪತ್ರಿಕೆ ಅದು. ಅಂದರೆ ಒಂದು ಭಾಷೆಯ ಪತ್ರಿಕಾ ಚರಿತ್ರೆ ಶುರುವಾದದ್ದು ಆ ಭಾಷೆಯ ನೆಲದಿಂದ ಸಾವಿರಾರು ಮೈಲಿ ದೂರದ ಮದರಾಸಿನಲ್ಲಿ, ಹಡಗುಗಳು ನಿಂತು ಮಳೆ ಶುರುವಾಗುವ ವಾರದಲ್ಲಿ, ಮಕ್ಕಳನ್ನು ಕಳೆದುಕೊಂಡ ಒಬ್ಬ ಅಪ್ಪನ ಕೈಯಲ್ಲಿ.

ನಮ್ಮ ಮಂಗಳೂರ ಸಮಾಚಾರವನ್ನು ಹೆರ್ಮನ್ ಮೊಗ್ಲಿಂಗ್ ಶುರುಮಾಡಿದ್ದು 1843ರ ಜುಲೈನಲ್ಲಿ, ಅದೂ ಪಡುವಣ ಕರಾವಳಿಯ ಜಡಿಮಳೆಯ ತಿಂಗಳು. ಮೊಗ್ಲಿಂಗನಿಗೆ ಬೆನ್ನ ಹಿಂದೆ ಬಾಸೆಲ್ ಮಿಶನ್ ಇತ್ತು. ಶ್ಮಾವೋನ್ಯಾನನಿಗೆ ಇದ್ದದ್ದು ಊರಿನ ಸಣ್ಣ ಅರ್ಮೇನಿಯನ್ ಸಮುದಾಯ. ಹದಿನೆಂಟು ಸಂಚಿಕೆಗಳ ನಂತರ, 1796ರಲ್ಲಿ ಅಜ್ದರಾರ್ ನಿಂತಿತು. ಅವನು ಮಾತ್ರ ಮದರಾಸು ಬಿಡಲಿಲ್ಲ, 1824ರಲ್ಲಿ ಇಲ್ಲೇ ತೀರಿಕೊಂಡ. ಅವನ ಸಮಾಧಿ ಅರ್ಮೇನಿಯನ್ ಬೀದಿಯ ಚರ್ಚಿನ ಅಂಗಳದಲ್ಲಿದೆ. ಹೈಕೋರ್ಟಿನ ಕಡೆ ಹೋದಾಗ ಒಮ್ಮೆ ಒಳಗೆ ಹೋಗಿ ನೋಡಿ. ಸತ್ತ ಮಕ್ಕಳು ತಿರುಗಿ ಬರಲಿಲ್ಲ, ಅವನ ಪ್ರಾರ್ಥನೆಗೆ ಅಂಥ ಉತ್ತರ ಸಿಗಲಿಲ್ಲ. ಆದರೂ ತನ್ನವರಿಗೆ ಓದಲು ಏನಾದರೂ ಕೊಡಬೇಕು ಎಂದು ಅಚ್ಚಿನ ಮೊಳೆಗಳ ಮುಂದೆ ಬಂದು ಕೂತನಲ್ಲ, ಅದನ್ನೇ ನಾನು ಅವನ ಭಕ್ತಿ ಎಂದು ಓದಿಕೊಳ್ಳುತ್ತೇನೆ.

ಎರಡನೇ ಮೇಣದ ಬತ್ತಿ

2015ಕ್ಕೆ ಬರೋಣ. ಆ ನವೆಂಬರಿನಲ್ಲಿ ಚೆನ್ನೈಯಲ್ಲಿ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗಿತ್ತು. 1918ರ ನಂತರ ಅಂಥ ನವೆಂಬರ್ ಬಂದಿರಲಿಲ್ಲ. ಕೆರೆಗಳೆಲ್ಲ ತುಂಬಿ ನಿಂತಿದ್ದಾಗ ಡಿಸೆಂಬರ್ 1ರ ಮಳೆ ಬಂತು. ತಾಂಬರಂನಲ್ಲಿ 24 ಗಂಟೆಗಳಲ್ಲಿ 49 ಸೆಂಟಿಮೀಟರ್. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು ಅಡ್ಯಾರಿನ ಎರಡೂ ದಡ ನುಂಗಿತು. ಸೈದಾಪೇಟೆಯ ಸೇತುವೆಯ ಮೇಲೆ ಸಂಚಾರ ನಿಂತಿತು. ವಿಮಾನ ನಿಲ್ದಾಣ ಮುಚ್ಚಿತು. 1878ರಲ್ಲಿ ಹುಟ್ಟಿದ ದಿ ಹಿಂದೂ ಪತ್ರಿಕೆಯ ಚೆನ್ನೈ ಆವೃತ್ತಿ ಮರುದಿನ ಅಚ್ಚಾಗಲಿಲ್ಲ.

ನಾವಿದ್ದದ್ದು ಮಡಿಪಾಕ್ಕಂನ ನೆಲಮಹಡಿಯ ಬಾಡಿಗೆ ಮನೆಯಲ್ಲಿ. ಮಧ್ಯರಾತ್ರಿ ಸೊಂಟದ ಮಟ್ಟ ನೀರು. ಮೇಲಿನ ಮನೆಯವರು, ಅಲ್ಲಿಯವರೆಗೆ ಬರೀ ನಕ್ಕು ಮುಂದೆ ಹೋಗುತ್ತಿದ್ದವರು, ನಮ್ಮ ಮಗಳನ್ನು ಎತ್ತಿಕೊಂಡು ಹೋಗಿ ತಮ್ಮ ಮಕ್ಕಳ ನಡುವೆ ಮಲಗಿಸಿದರು. ಮೂರು ದಿನ ಕರೆಂಟಿಲ್ಲ, ಫೋನಿಲ್ಲ. ಬೆಟಗೇರಿಯಲ್ಲಿ ಅವ್ವ ಟಿವಿ ನೋಡಿಕೊಂಡು ಏನೇನು ಕಲ್ಪಿಸಿಕೊಂಡಳೋ. ನೀರು ಇಳಿದ ಮೇಲೆ ನಮ್ಮ ಬಡಾವಣೆಯ ಪುಟ್ಟ ಚರ್ಚಿನ ಹಾಲು ಅಕ್ಕಿ ಮೂಟೆ, ಬ್ರೆಡ್ಡು, ಚಾಪೆಗಳಿಂದ ತುಂಬಿತು. ಪಕ್ಕದ ಮಸೀದಿಯಲ್ಲಿ ಅಡುಗೆ, ಕಲ್ಯಾಣ ಮಂಟಪದಲ್ಲಿ ಜನ. ನನ್ನ ಪಾಲಿಗೆ ಬಂದದ್ದು ನನಗೆ ಬರುವ ಒಂದೇ ಕೆಲಸ: ಪಟ್ಟಿ ಮಾಡುವುದು. ಯಾವ ಬೀದಿಯಲ್ಲಿ ಯಾವ ವೃದ್ಧರಿಗೆ ಇನ್ಸುಲಿನ್ ಬೇಕು, ಯಾರ ಮನೆಯಲ್ಲಿ ಹಸುಗೂಸಿದೆ, ಯಾರಿಗೆ ತಲುಪಿತು, ಯಾರಿಗಿಲ್ಲ. ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆದೆ.

ಡಿಸೆಂಬರ್ 6, ಆಗಮನ ಕಾಲದ ಎರಡನೇ ಭಾನುವಾರ. ಬೆಂಚುಗಳೆಲ್ಲ ಹೊರಗಿದ್ದವು, ಕೂರಲು ಜಾಗವಿರಲಿಲ್ಲ. ಪಾದ್ರಿಗಳು ಮೂಟೆಗಳ ನಡುವೆ ನಿಂತು ಎರಡು ಮೇಣದ ಬತ್ತಿ ಹಚ್ಚಿದರು. ಹೋದವರ ಹೆಸರುಗಳನ್ನು ಮೊದಲು ಓದಿದರು. ಯಾಕೆ ಹೀಗಾಯಿತು ಎಂದು ವಿವರಿಸಲು ಹೋಗಲಿಲ್ಲ, ನಾವು ಉಳಿದದ್ದನ್ನು ಪವಾಡ ಎನ್ನಲೂ ಇಲ್ಲ. ಐದು ನಿಮಿಷದ ಪ್ರಾರ್ಥನೆ. ಆಮೆನ್ ಎಂದವರೇ ತೋಳು ಮಡಚಿ ಮೂಟೆ ಎತ್ತಿದರು. ನಾವೂ ಎತ್ತಿದೆವು. ಬೆಟಗೇರಿಯ ನಾಲ್ಕು ಬತ್ತಿಗಳ ಅರ್ಥ ನನಗೆ ತಿಳಿದದ್ದು ಆ ಎರಡು ಬತ್ತಿಗಳ ಬೆಳಕಿನಲ್ಲಿ.

ಚಿನ್ನದ ಗಣಿಯ ಆ ಗೆಳೆಯರಿಗೆ ಈಗಲೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅಣ್ಣ ಯಾಕೆ ಹೊರಗಿದ್ದ ಎಂಬುದಕ್ಕೆ ಯಾವ ಧರ್ಮವೂ ಸುಲಭದಲ್ಲಿ ಉತ್ತರ ಕೊಡಬಾರದು ಎಂದೇ ನಾನು ತಿಳಿದಿದ್ದೇನೆ. ಚರಿತ್ರೆ ನನಗೆ ತೋರಿಸಿದ್ದು ಇಷ್ಟು: ಈ ತೀರದಲ್ಲಿ ಕ್ರೈಸ್ತ ನಿರೀಕ್ಷೆಯ ಗಟ್ಟಿ ಗುರುತುಗಳು ಕಡಲನ್ನು ತಡೆದವೆಂದು ಹೇಳುವ ಕಂಬಗಳಲ್ಲಿಲ್ಲ. ಮುಂದಿನ ನೆರೆಗೆಂದು ಎತ್ತಿಟ್ಟ 1,500 ಪಗೋಡಗಳಲ್ಲಿವೆ, ಮಕ್ಕಳ ಸಾವಿನ ನಂತರ ಹೊರಟ ಹದಿನೆಂಟು ಸಂಚಿಕೆಗಳಲ್ಲಿವೆ, ಹೋದವರ ಹೆಸರು ಓದಿ ಮೂಟೆ ಎತ್ತಿದ ಕೈಗಳಲ್ಲಿವೆ.

ಈ ಡಿಸೆಂಬರ್ 18ರಂದು ಬಿಡುವಿದ್ದರೆ ಪರಂಗಿಮಲೈ ಹತ್ತಿ ಬನ್ನಿ. ನೀವು ಯಾವ ದೇವರಿಗೆ ಕೈಮುಗಿಯುವವರಾದರೂ ಸರಿ, ಯಾರಿಗೂ ಮುಗಿಯದವರಾದರೂ ಸರಿ. ಮೇಲಿನಿಂದ ರನ್‌ವೇ ಕಾಣುತ್ತದೆ, ಮನೆಗಳ ಸಾಲು ಕಾಣುತ್ತದೆ, ಮಳೆ ಚೆನ್ನಾಗಿ ಬಂದ ವರ್ಷ ತುಂಬಿದ ಕೆರೆಗಳೂ ಕಾಣುತ್ತವೆ. ಯಾವ ಕೆರೆಗೆ ಇನ್ನೂ ಎಷ್ಟು ಜಾಗವಿದೆ ಎಂದು ಒಮ್ಮೆ ಕಣ್ಣಿಟ್ಟು ನೋಡಿ. ನಮ್ಮ ಭಾಷೆಯಲ್ಲಿ ಅದರ ಹೆಸರೂ ನಿರೀಕ್ಷೆಯೇ.